ಲೈಸೆನ್ಸ್ ಇದ್ದವನು ಮೊದಲು ಹೊರಗೆ

ಕಳೆದ ವಾರ ಕುವೈತಿನ ರಿಗ್ಗೈಯಲ್ಲಿರುವ ನಮ್ಮ ಕಟ್ಟಡದ ಲಿಫ್ಟಿನಲ್ಲಿ ಕರ್ಪೂರ ಹಾಕಿ ಕಾಯಿಸಿದ ತೆಂಗಿನೆಣ್ಣೆಯ ವಾಸನೆ ಬಂತು. ಮೇಲಿನ ಮನೆಗೆ ಊರಿನಿಂದ ಬಂದಿದ್ದ ಅಜ್ಜಿಯೊಬ್ಬರು ಮೊಣಕಾಲಿಗೆ ಹಚ್ಚಿಕೊಂಡು ವಾಕಿಂಗಿಗೆ ಹೊರಟಿದ್ದರು. ವಾಸನೆ ಜಾಸ್ತಿಯಾಯಿತೇ ಎಂದು ಅವರೇ ಸಂಕೋಚದಿಂದ ಕೇಳಿದರು. ಇಲ್ಲ ಎಂದೆ. ಅಷ್ಟರಲ್ಲಿ ನನ್ನ ಬಲಗಾಲು ಲಿಫ್ಟಿನ ನೆಲವನ್ನು ಗಟ್ಟಿಯಾಗಿ ಒತ್ತಿ ಹಿಡಿದಿತ್ತು. ಕೆಳಗೆ ತಲುಪಿ ಬಾಗಿಲು ತೆರೆದ ಮೇಲೂ ಅದನ್ನು ಎತ್ತಲು ಸ್ವಲ್ಪ ಹೊತ್ತು ಬೇಕಾಯಿತು.

ನನಗೆ ಕಾರು ಓಡಿಸಲು ಬರುವುದಿಲ್ಲ. ಬ್ರೇಕ್ ಇರುವ ಜಾಗ ಮಾತ್ರ ನನ್ನ ಕಾಲಿಗೆ ಗೊತ್ತು. ಟ್ಯಾಕ್ಸಿಯಲ್ಲಿ ಕೂತರೂ, ಶಾಲೆಯ ಬಸ್ಸಿನಲ್ಲಿ ಮಕ್ಕಳ ಜೊತೆ ಕೂತರೂ, ಮುಂದೆ ಟ್ಯಾಂಕರ್ ಕಂಡರೆ ಆ ಕಾಲು ನನ್ನನ್ನು ಕೇಳದೆ ಕೆಲಸ ಮಾಡುತ್ತದೆ. ಈಗೀಗ ಕಡಿಮೆಯಾಗಿದೆ ಅಂದುಕೊಂಡಿದ್ದೆ...

ಅಂಥದೇ ಎಣ್ಣೆಯ ಬಾಟಲಿಯೊಂದು ಯಾವಾಗಲೂ ಕೋಚಣ್ಣನ ಪ್ಯಾಂಟಿನ ಹಿಂದಿನ ಜೇಬಿನಲ್ಲಿರುತ್ತಿತ್ತು. ಊರಿನಿಂದ ಅವರ ಹೆಂಡತಿ ಕಾಯಿಸಿ ಕಳಿಸುತ್ತಿದ್ದದ್ದು. ಪಂದ್ಯಕ್ಕೆ ಮುಂಚೆ ಒಬ್ಬೊಬ್ಬ ಆಟಗಾರನ ಮೀನಖಂಡಕ್ಕೂ ತಾವೇ ಹಚ್ಚುತ್ತಿದ್ದರು, ದೊಡ್ಡ ದೊಡ್ಡ ಗಂಡಸರು ನಾಚಿಕೊಂಡು ಕಾಲು ಚಾಚಿ ಕೂರುತ್ತಿದ್ದರು. ನಮ್ಮ ಕಾಲೇಜಿನ ಹಳೆ ವಿದ್ಯಾರ್ಥಿಗಳು ಕುವೈತಿನಲ್ಲಿ ಕಟ್ಟಿಕೊಂಡಿದ್ದ ಫುಟ್‌ಬಾಲ್ ತಂಡಕ್ಕೆ ಅವರು ಕೋಚು. ವಾರದ ದಿನಗಳಲ್ಲಿ ಒಂದು ಕಂಪೆನಿಯ ಲೆಕ್ಕ ವಿಭಾಗದಲ್ಲಿ ಕೂರುತ್ತಿದ್ದರು. ಶುಕ್ರವಾರ ಬಂದರೆ ಟೋಪಿ ಹಾಕಿಕೊಂಡು ಬಾಡಿಗೆಯ ಶಾಲಾ ಮೈದಾನದ ಗೆರೆಯಾಚೆ ಕೈಕಟ್ಟಿ ನಿಲ್ಲುತ್ತಿದ್ದರು. ಕಾಲೇಜಿನಲ್ಲಿ ಆಡುವಾಗ ಎರಡು ಸಲ ಫೈನಲ್ ಸೋತವರು. ಇಲ್ಲಿಯೂ ಅವರ ತಂಡ ಸೆಮಿಫೈನಲ್ ದಾಟುತ್ತಿರಲಿಲ್ಲ. ಎಲ್ಲರಿಗೂ ಅವರು ಕೋಚಣ್ಣ. ಬೇರೆ ಹೆಸರಿನಿಂದ ಕರೆದವರನ್ನು ನಾನು ಕಂಡಿಲ್ಲ.

ನಾನೂ ಅದೇ ಕಾಲೇಜಿನವಳು. ನನ್ನ ಗಂಡ ಆ ತಂಡದ ಗೋಲ್‌ಕೀಪರ್. ಆಗ ನಾವು ಮಂಗಫ್‌ನಲ್ಲಿದ್ದೆವು. ಸೂಪರ್‌ಮಾರ್ಕೆಟಿನಲ್ಲಿ ಸಿಗುವ ಲಬಾನ್ ಎಂಬ ಗಟ್ಟಿ ಮಜ್ಜಿಗೆಗೆ ನೀರು ಬೆರೆಸಿ, ಶುಂಠಿ ಜಜ್ಜಿ, ಉಪ್ಪು ಹಾಕಿ ದೊಡ್ಡ ಫ್ಲಾಸ್ಕಿನಲ್ಲಿ ಒಯ್ಯುವುದು ನನ್ನ ಪಾಲಿನ ಕೆಲಸವಾಗಿತ್ತು. ಹಾಗಾಗಿ ನನ್ನ ಜಾಗ ಕೋಚಣ್ಣನ ಪಕ್ಕದಲ್ಲೇ, ಬದಲಿ ಆಟಗಾರರ ಬೆಂಚಿನ ತುದಿಯಲ್ಲಿ.

ಕೋಚಣ್ಣನ ಮೇಲೆ ಜನರ ದೂರುಗಳು ಹಲವು. ಒಂದು ಗೋಲು ಮುಂದಿದ್ದರೆ ಚೆಂಡನ್ನು ಹಿಂದೆ ಹಿಂದೆಯೇ ಕೊಡಿಸುತ್ತಾರೆ, ಕಾರ್ನರ್ ಸಿಕ್ಕಿದರೂ ಎಲ್ಲರನ್ನೂ ಮೇಲೆ ಕಳಿಸುವುದಿಲ್ಲ, ಹೀಗೆ. ಅವನ್ನೆಲ್ಲ ಜನ ಸಹಿಸುತ್ತಿದ್ದರು. ಸಹಿಸಲಾಗದ್ದು ಅವರ ಒಂದೇ ಒಂದು ನಿಯಮ. ಆಟ ಮುಗಿಯಲು ಕಾಲು ಗಂಟೆ ಇದೆ ಎನ್ನುವಾಗ, ಗೆಲ್ಲಲಿ ಸೋಲಲಿ, ಕಾರು ಓಡಿಸಿಕೊಂಡು ಬಂದ ಆಟಗಾರನನ್ನು ಅವರು ಹೊರಗೆ ಕರೆಯುತ್ತಿದ್ದರು. ಕರೆದು ನೆರಳಿನಲ್ಲಿ ಕೂರಿಸಿ, ಶೂ ಬಿಚ್ಚಿಸಿ, ಮಜ್ಜಿಗೆ ಕುಡಿಸುತ್ತಿದ್ದರು.

ಇಲ್ಲಿರುವವರಿಗೆ ಇದು ಅರ್ಥವಾಗುತ್ತದೆ. ಹೊರದೇಶದವರಿಗೆ ಕುವೈತಿನಲ್ಲಿ ಡ್ರೈವಿಂಗ್ ಲೈಸೆನ್ಸ್ ಸಿಗುವುದು ಸುಲಭವಲ್ಲ. ಡಿಗ್ರಿ ಬೇಕು, ಸಂಬಳ ಬೇಕು, ಇಕಾಮಾದಲ್ಲಿ, ಅಂದರೆ ವಾಸದ ಪರವಾನಗಿಯಲ್ಲಿ, ಬರೆದ ಹುದ್ದೆ ಸರಿಯಿರಬೇಕು. ಕೋಚಣ್ಣನ ಬಳಿ ಹಿಂದೆ ಇತ್ತು, ಕೆಲಸ ಬದಲಿಸಿದಾಗ ಹುದ್ದೆಯ ಹೆಸರೂ ಬದಲಾಗಿ ಅದು ಹೋಯಿತು. ನನ್ನ ಗಂಡನಿಗೆ ಸಿಗುವ ಹಾಗೆಯೇ ಇರಲಿಲ್ಲ. ಮಂಗಫ್ ಕಡೆಯ ಆಟಗಾರರ ಪೈಕಿ ಲೈಸೆನ್ಸ್ ಇದ್ದವನು ಸಂತೋಷ ಒಬ್ಬನೇ. ಮೈದಾನ ಇದ್ದದ್ದು ಪಟ್ಟಣದ ಈ ಕಡೆ, ಮನೆಗಳಿದ್ದದ್ದು ಹೆದ್ದಾರಿಯ ಆ ಕೊನೆಯಲ್ಲಿ. ಪಂದ್ಯ ಮುಗಿದ ತಕ್ಷಣ ಹೊರಡಲೇಬೇಕು, ಏಕೆಂದರೆ ಮಧ್ಯಾಹ್ನದ ಶಿಫ್ಟಿನವರಿಗೆ ಪ್ಲಾಂಟಿಗೆ ಹೋಗುವ ಕಂಪೆನಿ ಬಸ್ಸು ಕಾಯುವುದಿಲ್ಲ. ಬಿಸಿಲಿನಲ್ಲಿ ಓಡಿ ಓಡಿ ಬತ್ತಿಹೋದ ಒಂದು ಮೈ, ಸುಧಾರಿಸಿಕೊಳ್ಳಲು ಬಿಡುವಿಲ್ಲದೆ, ಉಳಿದವರನ್ನೆಲ್ಲ ಹೊತ್ತು ಹೆದ್ದಾರಿಗೆ ಇಳಿಯಬೇಕು. ಕೋಚಣ್ಣನ ಲೆಕ್ಕದಲ್ಲಿ ಪಂದ್ಯ ಮುಗಿಯುತ್ತಿದ್ದದ್ದು ಕೊನೆಯ ಸಿಳ್ಳೆಗೆ ಅಲ್ಲ, ಕಾರು ಮಂಗಫ್ ತಲುಪಿದಾಗ.

ತೊಂದರೆ ಏನೆಂದರೆ, ಸಂತೋಷನೇ ನಮ್ಮ ಸ್ಟ್ರೈಕರ್. ಗೋಲು ಹೊಡೆಯಲು ಗೊತ್ತಿದ್ದವನು ಅವನೊಬ್ಬನೇ ಎಂದರೂ ನಡೆಯುತ್ತದೆ.

ವಾದ ನಡೆಯುತ್ತಿದ್ದದ್ದು ಮೈದಾನ್ ಹವಲ್ಲಿ ಎಂಬ ಬಡಾವಣೆಯ ಶೆಟ್ರ ಹೋಟೆಲಿನಲ್ಲಿ. ಶೆಟ್ರು ನಮ್ಮ ಸಂಘದ ಪದಾಧಿಕಾರಿ, ತಂಡದ ಜೆರ್ಸಿಗೆ ದುಡ್ಡು ಕೊಟ್ಟವರು, ಅದಕ್ಕಿಂತ ಹೆಚ್ಚಾಗಿ ತಂಡದ ಅತಿ ದೊಡ್ಡ ಗಂಟಲು. ಶುಕ್ರವಾರ ಸಂಜೆ ನೀರುದೋಸೆ, ಕೋಳಿ ಸುಕ್ಕದ ಜೊತೆ ಆ ದಿನದ ಪಂದ್ಯವನ್ನು ಮತ್ತೊಮ್ಮೆ ಮೊದಲಿನಿಂದ ಆಡಲಾಗುತ್ತಿತ್ತು. ಇವರು ಕೋಚಾ, ಟ್ರಾನ್ಸ್‌ಪೋರ್ಟ್ ಮ್ಯಾನೇಜರಾ ಎಂದು ಶೆಟ್ರು ಪ್ರತಿ ವಾರ ಕೇಳುತ್ತಿದ್ದರು, ಪ್ರತಿ ವಾರವೂ ಜನ ನಗುತ್ತಿದ್ದರು. ಮೈಸೂರು ಕಡೆಯ ಡಾಕ್ಟರೊಬ್ಬರು, ಪಿಯುಸಿಗೆ ಮಾತ್ರ ನಮ್ಮ ಕಾಲೇಜಿನಲ್ಲಿದ್ದವರು, ಒಮ್ಮೆ ಕೋಚಣ್ಣನ ಪರ ಮಾತಾಡಲು ಹೋದರು.

"ಡ್ರೈವ್ ಮಾಡೋನೇ ಸುಸ್ತಾಗಿ ಬಿದ್ರೆ ಆ ಗೋಲ್ ಇಟ್ಕೊಂಡು ಏನ್ ಮಾಡ್ತೀರಿ ಶೆಟ್ರೆ?"

"ಡಾಕ್ಟ್ರೇ, ಅದನ್ನು ನೀವು ಆಸ್ಪತ್ರೆಯಲ್ಲಿ ಹೇಳಿ. ಇಲ್ಲಿ ಸ್ಕೋರ್ ಎಷ್ಟು ಹೇಳಿ."

ಕೋಚಣ್ಣ ಅದೇ ಮೇಜಿನ ತುದಿಯಲ್ಲಿ ಕೂತಿರುತ್ತಿದ್ದರು. ಅವರನ್ನು ಬೈಯಲು ಯಾರೂ ಅವರು ಎದ್ದು ಹೋಗುವವರೆಗೆ ಕಾಯುತ್ತಿರಲಿಲ್ಲ. ಅವರು ತಲೆ ತಗ್ಗಿಸಿ ದೋಸೆ ಮಡಚುತ್ತಿದ್ದರು. ಒಮ್ಮೊಮ್ಮೆ ಒಳ್ಳೆಯ ಬೈಗುಳ ಬಂದರೆ ಅವರಿಗೂ ನಗು ಬರುತ್ತಿತ್ತು. ಲೈಸೆನ್ಸ್ ಸಿಕ್ಕಿದವನ ಫುಟ್‌ಬಾಲ್ ಮುಗಿಯಿತು ಎಂಬುದು ಆಟಗಾರರ ನಡುವಿನ ಜೋಕು. ಡ್ರೈವಿಂಗ್ ಟೆಸ್ಟಿಗೆ ಹೋಗುವವನಿಗೆ ಉಳಿದವರು ಫೇಲಾಗಿ ಬಾ ಎಂದು ಹಾರೈಸುತ್ತಿದ್ದರು. ಸಂಘದವರು ಕೆಲವು ವಾರ ಒಂದು ವ್ಯಾನ್ ಗೊತ್ತುಮಾಡಿ ನೋಡಿದರು. ವ್ಯಾನಿನವನು ಒಂದು ವಾರ ಬಂದರೆ ಇನ್ನೊಂದು ವಾರ ಬರಲಿಲ್ಲ, ಖಲಾಸ್, ಅದೂ ನಿಂತಿತು.

ಹಿಂದಿನ ವರ್ಷದ ಸೆಮಿಫೈನಲಿನಲ್ಲಿ ಸಂತೋಷ ಹೊರಗೆ ಬಂದ ಮೇಲೆ ಎರಡು ಗೋಲು ತಿಂದು ಸೋತೆವು. ಆ ಮೇಲೆ ತಿಂಗಳುಗಟ್ಟಲೆ ವಾಟ್ಸಾಪ್ ಗುಂಪಿನಲ್ಲಿ ಬೇರೆ ಮಾತೇ ಇರಲಿಲ್ಲ. ಕೋಚ್ ಬದಲಾಗಬೇಕು ಎಂದು ನೇರವಾಗಿಯೇ ಹೇಳಿದರು. ಕೊನೆಗೆ ಇನ್ನೊಂದು ಸೀಸನ್ ನೋಡೋಣ ಎಂದಾಯಿತು. ಕೋಚಣ್ಣನಿಗೂ ಅದು ಕೊನೆಯ ಸೀಸನ್ನೇ. ಕೆಲಸ ಮುಗಿಸಿ ಮಳೆಗಾಲಕ್ಕೆ ಮುಂಚೆ ಊರು ಸೇರುವುದೆಂದು ನಿಶ್ಚಯವಾಗಿತ್ತು. ಆ ವರ್ಷ ಹೇಗೋ ಫೈನಲಿಗೆ ಬಂದೆವು.

ಫೈನಲ್ ಬೆಳಿಗ್ಗೆ ಬೇಗ ಶುರುವಾಗಬೇಕಿತ್ತು. ಮುಖ್ಯ ಅತಿಥಿ ತಡಮಾಡಿದರು. ಹೂಗುಚ್ಛ, ಭಾಷಣ, ಆಟಗಾರರ ಕೈಕುಲುಕುವುದು ಎಲ್ಲ ಮುಗಿದು ಚೆಂಡು ಉರುಳುವಾಗ ಮೇ ತಿಂಗಳ ಬಿಸಿಲು ನೆತ್ತಿಯ ಕಡೆ ಹೊರಟಿತ್ತು. ಎದುರಿಗೆ ಗೋವಾದವರ ತಂಡ. ಅವರು ಒಂದು, ನಾವು ಒಂದು. ಆಮೇಲೆ ಎಷ್ಟು ಒದ್ದಾಡಿದರೂ ಗೋಲಿಲ್ಲ. ನೀರು ಕುಡಿಯಲು ಬಂದ ಹುಡುಗರ ಕಣ್ಣಿನ ಸುತ್ತ ಉಪ್ಪು ಬಿಳಿಯಾಗಿ ಕಾಣುತ್ತಿತ್ತು. ಸಂತೋಷ ಎರಡು ಸಲ ಬಗ್ಗಿ ಕಾಲು ಒತ್ತಿಕೊಂಡದ್ದನ್ನು ನಾನು ನೋಡಿದೆ. ಕೋಚಣ್ಣನೂ ನೋಡಿದರು.

ಅವರ ಆ ಕಾಲು ಗಂಟೆ ಬಂತು. ಕೋಚಣ್ಣ ಎದ್ದು ಬೆಂಚಿನಲ್ಲಿದ್ದ ಯತೀಶನಿಗೆ ಸನ್ನೆ ಮಾಡಿದರು. ಯತೀಶ ಎಂಜಿನಿಯರಿಂಗ್ ಓದಿ ಟೆಕ್ನೀಷಿಯನ್ ವೀಸಾದಲ್ಲಿ ಬಂದವನು, ಮಿತಭಾಷಿ, ಆ ಸೀಸನಿನಲ್ಲಿ ಬೆಂಚು ಬಿಟ್ಟು ಎದ್ದದ್ದೇ ಅಪರೂಪ. ಸಂತೋಷ ಹೊರಗೆ ಬಂದಾಗ ಕೆಲವೊಮ್ಮೆ ಅವನಿಗೆ ಆ ಕೊನೆಯ ಚೂರು ಆಟ ಸಿಗುತ್ತಿತ್ತು. ಅವನು ಬದಲಿ ಆಟಗಾರರ ತೆಳು ಜಾಕೆಟ್ ತೆಗೆದು ಗೆರೆಯ ಬಳಿ ಓಡತೊಡಗಿದ. ಅದನ್ನು ನೋಡಿದ ಜನ ಏನಾಗುತ್ತದೆಂದು ತಿಳಿದುಕೊಂಡರು. ಮೊದಲು ಸಿಳ್ಳೆ, ಆಮೇಲೆ ಕೂಗು. ಬೇಡ, ಬೇಡ ಎಂದು ಒಂದೇ ತಾಳದಲ್ಲಿ, ಹೆಂಗಸರು ಮಕ್ಕಳು ಎಲ್ಲ ಸೇರಿ. ಮೈದಾನದ ನಡುವಿನಿಂದ ಸಂತೋಷ ಎರಡೂ ಕೈ ಜೋಡಿಸಿ, ತೆಗೆಯಬೇಡಿ ಎಂದು ಸನ್ನೆ ಮಾಡುತ್ತಿದ್ದ.

ಶೆಟ್ರು ಹಗ್ಗ ದಾಟಿ ಬಂದರು. ಬೈಯಲಿಕ್ಕೆ ಬಂದರೆಂದು ನಾನು ಅಂದುಕೊಂಡೆ. ಅವರು ತುಂಬಾ ಮೆತ್ತಗೆ ಮಾತಾಡಿದರು.

"ಕೋಚಣ್ಣ, ಇವತ್ತೊಂದು ದಿನ ಜನ ಹೇಳಿದ್ದು ಕೇಳಿ. ಇಷ್ಟು ವರ್ಷ ನಾವು ನಿಮ್ಮ ಮಾತು ಕೇಳ್ಲಿಲ್ವಾ?"

ಕೋಚಣ್ಣ ಒಮ್ಮೆ ಮೈದಾನ ನೋಡಿದರು. ಆಮೇಲೆ ಬೆಂಚಿನ ಮೇಲೆ ಕೂತರು. ಪಂದ್ಯದ ನಡುವೆ ಅವರು ಕೂತದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಓಡುತ್ತಿದ್ದ ಯತೀಶ ಇನ್ನೆರಡು ಸುತ್ತು ಓಡಿ, ಯಾರೂ ಕರೆಯದ್ದು ಕಂಡು, ಬಂದು ಅವರ ಪಕ್ಕದಲ್ಲಿ ಕೂತ. ಜಾಕೆಟ್ ಹಾಕಿಕೊಳ್ಳಲಿಲ್ಲ. ಮಡಿಲಲ್ಲಿ ಇಟ್ಟುಕೊಂಡ.

ಕೊನೆಗೆ ಸಂತೋಷ ಗೋಲು ಹೊಡೆದ. ಹೇಗೆ ಹೊಡೆದ ಎಂದು ಜನ ಇವತ್ತಿಗೂ ಹೇಳುತ್ತಾರೆ, ಹೇಳುವಾಗಲೆಲ್ಲ ಚೆಂಡು ಇನ್ನಷ್ಟು ದೂರದಿಂದ ಬರುತ್ತದೆ. ನನಗೆ ನೆನಪಿರುವುದು ಜನರೆಲ್ಲ ಒಳಗೆ ನುಗ್ಗಿದ್ದು, ಶೆಟ್ರು ಅತ್ತದ್ದು, ಯಾರೋ ನನ್ನ ಫ್ಲಾಸ್ಕನ್ನು ಒದ್ದು ಮಜ್ಜಿಗೆಯೆಲ್ಲ ಹುಲ್ಲಿಗೆ ಹೋದದ್ದು. ಕೋಚಣ್ಣನನ್ನು ಎತ್ತಿಕೊಂಡು ಮೈದಾನ ಸುತ್ತಿಸಿದರು. ಮೇಲಿನಿಂದಲೇ ಅವರು ಸಂತೋಷನನ್ನು ಹುಡುಕುತ್ತಿದ್ದರು. ಅವನು ಫೋಟೋಗಳ ಗುಂಪಿನ ನಡುವೆ ಸಿಕ್ಕಿಬಿದ್ದಿದ್ದ. ನೀರು ಕುಡಿದನೋ ಇಲ್ಲವೋ...

ಬಸ್ಸಿನ ಹೊತ್ತಾಗಿತ್ತು. ನನ್ನ ಗಂಡನಿಗೂ ಯತೀಶನಿಗೂ ಮಧ್ಯಾಹ್ನದ ಶಿಫ್ಟು. ಸಂತೋಷ ಕಾರು ಹೊರಡಿಸಿದ. ಕೋಚಣ್ಣ ಎಂದಿನಂತೆ ಮುಂದೆ, ಅವನ ಪಕ್ಕದಲ್ಲಿ. ಹಿಂದೆ ನಾವು ಮೂವರು, ನಡುವೆ ನಾನು, ನನ್ನ ಮಡಿಲಲ್ಲಿ ಗೆದ್ದ ಕಪ್. ಐದು ನಿಮಿಷ ಕೂತು ಹೋಗುವ ಎಂದು ಕೋಚಣ್ಣ ಹೇಳಿದ್ದರು. ಸಂತೋಷ ನಕ್ಕು, ನಂಗೆ ಏನೂ ಆಗಿಲ್ಲ ಕೋಚಣ್ಣ, ಇನ್ನೊಂದು ಹಾಫ್ ಆಡ್ತೇನೆ ಎಂದ. ಹಾಡು ಹಾಕಿದ. ಎಸಿಯ ಗಾಳಿ ಬಂದಾಗ ನನಗೂ ನಿದ್ದೆ ಎಳೆಯುತ್ತಿತ್ತು.

ಇದರ ನಂತರದ್ದನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ ಹಾಡಿನಿಂದಲೇ ಶುರುವಾಗುತ್ತದೆ. ಹೆದ್ದಾರಿ ಖಾಲಿ ಇತ್ತು, ಶುಕ್ರವಾರದ ಮಧ್ಯಾಹ್ನ. ಮುಂದೆ ದೂರದಲ್ಲಿ ಒಂದು ನೀರಿನ ಟ್ಯಾಂಕರ್. ಸಂತೋಷನ ಬಾಯಿಂದ ಅಮ್ಮಾ ಎಂಬ ಸಣ್ಣ ಸ್ವರ ಬಂತು. ಗಾಯವಾದಾಗ ಮಕ್ಕಳು ಹೇಳುವ ಹಾಗೆ, ಅಷ್ಟೇ. ಕಾರು ಓಟ ಹೆಚ್ಚಿಸಿತು. ಅವನು ಬೇಕೆಂದೇ ಓಡಿಸುತ್ತಿದ್ದಾನೆ ಎಂದು ಒಂದು ಕ್ಷಣ ಅನ್ನಿಸಿತು. ಅವನ ಎರಡೂ ಕೈ ಸ್ಟೀರಿಂಗಿನಲ್ಲಿದ್ದವು, ಕುತ್ತಿಗೆಯ ನರ ಉಬ್ಬಿತ್ತು, ಬಲಗಾಲು ಹಲಗೆಯಂತೆ ನೆಟ್ಟಗೆ ನಿಂತುಬಿಟ್ಟಿತ್ತು. ಮಸಲ್ ಕ್ಯಾಚ್. ಎಕ್ಸಲರೇಟರಿನ ಮೇಲೆ.

ಟ್ಯಾಂಕರಿನ ಹಿಂಭಾಗದಲ್ಲಿ ಒಂದು ನಲ್ಲಿ ಇತ್ತು. ಸರಿಯಾಗಿ ಮುಚ್ಚಿರಲಿಲ್ಲ. ಅದರಿಂದ ನೀರು ತೊಟ್ಟಿಕ್ಕುತ್ತಿತ್ತು. ಮೊದಲು ನಲ್ಲಿ ಕಂಡಿತು, ಆಮೇಲೆ ತೊಟ್ಟು ಕಂಡಿತು, ಆಮೇಲೆ ನಲ್ಲಿಯ ಕುತ್ತಿಗೆಗೆ ಸುತ್ತಿದ್ದ ಬಟ್ಟೆಯ ಹೂವು ಕೂಡ ಕಂಡಿತು. ನನ್ನ ಕಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ನನ್ನ ಗಂಡ ನನ್ನ ತಲೆಯನ್ನು ಬಗ್ಗಿಸಲು ನೋಡುತ್ತಿದ್ದರು. ಆಗ ಕೋಚಣ್ಣನ ಎಡಗೈ ಗೇರಿನ ಮೇಲೆ ಬಿತ್ತು. ಗೇರನ್ನು ನ್ಯೂಟ್ರಲಿಗೆ ತಳ್ಳಿದರು. ಎಂಜಿನ್ ಹುಚ್ಚೆದ್ದು ಕಿರುಚಿತು, ಆದರೆ ಕಾರಿನ ಓಟಕ್ಕೂ ಆ ಕಿರುಚಾಟಕ್ಕೂ ಸಂಬಂಧ ತಪ್ಪಿತು. ಬಲಗೈಯಿಂದ ಸ್ಟೀರಿಂಗ್ ಹಿಡಿದು ತಮ್ಮ ಕಡೆಗೆ ಎಳೆದರು. ಎಡಗಾಲಿನಲ್ಲಿ ಬ್ರೇಕ್ ಒತ್ತು ಎಂದು ಸಂತೋಷನಿಗೆ ಹೇಳಿದರು. ಕೂಗಲಿಲ್ಲ. ಮೈದಾನದ ಗೆರೆಯಿಂದ ಹೇಳುವಾಗಿನ ಸ್ವರವೇ. ಟ್ಯಾಂಕರ್ ಎಡಕ್ಕೆ ಜಾರಿ ಹೋಯಿತು, ನಾವು ಮರಳಿಗೆ ಇಳಿದೆವು. ದೀಪದ ಕಂಬವೊಂದರ ಹತ್ತಿರ ಕಾರು ನಿಂತಿತು. ಹಾಡು ಇನ್ನೂ ಹಾಡುತ್ತಿತ್ತು.

ಯಾರಿಗೂ ಏನೂ ಆಗಲಿಲ್ಲ. ಹಾಗೆ ಹೇಳಬೇಕು. ಕೋಚಣ್ಣನ ಮಣಿಕಟ್ಟು ಉಳುಕಿತ್ತು, ಅದು ಗೊತ್ತಾದದ್ದು ಮರುದಿನ. ನಾವು ಇಳಿದು ಮರಳಿನಲ್ಲಿ ನಿಂತೆವು. ಸಂತೋಷನನ್ನು ಸೀಟಿನಿಂದ ಎಳೆದು ಇಳಿಸಬೇಕಾಯಿತು. ಕೋಚಣ್ಣ ಆ ಸುಡುವ ಮರಳಿನಲ್ಲಿ ಮೊಣಕಾಲೂರಿ ಕೂತು, ಜೇಬಿನಿಂದ ಬಾಟಲಿ ತೆಗೆದು, ಅವನ ಮೀನಖಂಡವನ್ನು ಎರಡೂ ಕೈಯಲ್ಲಿ ತಿಕ್ಕತೊಡಗಿದರು. ಸಂತೋಷ ಮುಖ ಮುಚ್ಚಿಕೊಂಡು ಅಳುತ್ತಿದ್ದ. ಕರ್ಪೂರದ ವಾಸನೆ ಬಿಸಿಗಾಳಿಯಲ್ಲಿ ಎಲ್ಲ ಕಡೆ ಹರಡಿತು.

ಇನ್ನು ಕಾರು ಓಡಿಸುವವರು ಯಾರು ಎಂದು ನನ್ನ ಗಂಡ ಕೇಳಿದರು. ಯಾರನ್ನಾದರೂ ಕರೆಸಬೇಕು, ಬರುವವರೆಗೆ ಬಸ್ಸು ಇರುವುದಿಲ್ಲ, ಪೊಲೀಸಿನವರು ನಿಲ್ಲಿಸಿದರೆ ಏನು ಹೇಳುವುದು ಎಂದೆಲ್ಲ ಮಾತಾಡುತ್ತಿದ್ದೆವು. ಯತೀಶ ಸ್ವಲ್ಪ ದೂರ ನಿಂತಿದ್ದ. ಇನ್ನೂ ಆಟದ ಬಟ್ಟೆಯಲ್ಲೇ ಇದ್ದ, ಅದರ ಮೇಲೆ ಒಂದು ಕಲೆಯೂ ಇರಲಿಲ್ಲ.

"ಕೋಚಣ್ಣ, ನಾನು ಓಡಿಸ್ತೇನೆ" ಎಂದ.

ಕೋಚಣ್ಣ ತಿಕ್ಕುವುದನ್ನು ನಿಲ್ಲಿಸದೆ, ಲೈಸೆನ್ಸ್ ಎಂದು ಕೇಳಿದರು. ಯತೀಶ ಪರ್ಸಿನಿಂದ ಕಾರ್ಡ್ ತೆಗೆದು ತೋರಿಸಿದ. ಇಕಾಮಾದಲ್ಲಿ ಅವನ ಹುದ್ದೆ ಎಂಜಿನಿಯರ್ ಎಂದು ಬದಲಾಗಿತ್ತು. ದೀಪಾವಳಿಯ ಹೊತ್ತಿಗೇ ಲೈಸೆನ್ಸ್ ಸಿಕ್ಕಿತ್ತು. ಅಂದರೆ ಇಡೀ ಸೀಸನ್ ಅದು ಅವನ ಜೇಬಿನಲ್ಲಿತ್ತು.

"ಹೇಳ್ಲಿಲ್ಲ ಅಲ್ವಾ ನೀನು" ಎಂದರು ಕೋಚಣ್ಣ.

"ಹೇಳಿದ್ರೆ ನನ್ನನ್ನು ಆಡಿಸ್ತಿರಲಿಲ್ಲ. ಡ್ರೈವರ್ ಮಾಡ್ತಿದ್ರಿ."

ಅವರ ಕೈ ನಿಂತಿತು. ಆಮೇಲೆ ಹೇಳಿದರು:

"ಇವತ್ತೂ ಆಡಿಸ್ಲಿಲ್ಲ ಅಲ್ವಾ."

ಯತೀಶನೇ ಓಡಿಸಿದ. ಬಸ್ಸು ಸಿಕ್ಕಿತು. ದಾರಿಯಲ್ಲಿ ಕೋಚಣ್ಣ ಒಂದೇ ಮಾತು ಹೇಳಿದರು, ಇದನ್ನು ಎಲ್ಲಿಯೂ ಹೇಳುವುದು ಬೇಡ, ಕಪ್ ತಂದವನು ಕಪ್ ತಂದವನಾಗಿಯೇ ಇರಲಿ ಎಂದು. ಸಂತೋಷ ತಲೆ ಎತ್ತಲಿಲ್ಲ. ಈ ಜನರ ಬಾಯಿಗೆ ಬಿದ್ದರೆ ಅವನ ಗೋಲು ಒಂದು ವಾರ ಉಳಿಯುವುದಿಲ್ಲ ಎಂದು ನಮಗೆಲ್ಲ ಗೊತ್ತಿತ್ತು.

ಆ ಸಂಜೆ ಶೆಟ್ರ ಹೋಟೆಲಿನಲ್ಲಿ ಕೇಕು ಕತ್ತರಿಸಿದರು. ಕೋಚಣ್ಣ ಬರಲಿಲ್ಲ. ಎರಡು ದಿನ ಬಿಟ್ಟು ಗುಂಪಿನಲ್ಲಿ ಅವರ ಸಣ್ಣ ವಾಯ್ಸ್ ಮೆಸೇಜ್ ಬಂತು, ಸಾಕಾಯಿತು, ಹೊಸಬರು ಬರಲಿ ಎಂದು. ಅದರ ಮೇಲೆಯೂ ವಾದವಾಯಿತು. ಗೆದ್ದಾಗಲೇ ಬಿಡುವುದು ದೊಡ್ಡತನ ಎಂದರು ಕೆಲವರು. ಇಷ್ಟು ವರ್ಷ ಬೈದದ್ದಕ್ಕೆ ಸಿಟ್ಟು ತೀರಿಸಿಕೊಂಡರು ಎಂದರು ಇನ್ನು ಕೆಲವರು. ಮಣಿಕಟ್ಟಿನ ಪಟ್ಟಿ ನೋಡಿ, ಕಪ್ ಅಷ್ಟು ಭಾರವಾ ಎಂದು ತಮಾಷೆ ಮಾಡಿದರು. ಅವರು ಬಾತ್‌ರೂಮಿನಲ್ಲಿ ಜಾರಿದೆ ಎಂದರು.

ಬೀಳ್ಕೊಡುಗೆಯ ದಿನ ಶಾಲು ಹೊದೆಸಿದರು. ಶೆಟ್ರು ಆ ಫೈನಲಿನ ನಿರ್ಧಾರವನ್ನು ಹೊಗಳಿ ತುಂಬಾ ಹೊತ್ತು ಮಾತಾಡಿದರು. ಕೋಚಣ್ಣ ನೆಲ ನೋಡುತ್ತಾ ಕೂತಿದ್ದರು. ಊಟದ ಸಾಲಿನಲ್ಲಿ ನನ್ನ ಹಿಂದೆ ಬಂದು ನಿಂತು, ಮೆಲ್ಲನೆ ಕೇಳಿದರು, ನಿದ್ದೆ ಬರ್ತದಾ ತಂಗಿ ಎಂದು. ಇಲ್ಲ ಎಂದೆ. ಕಣ್ಣು ಮುಚ್ಚಿದರೆ ಆ ನಲ್ಲಿ ಕಾಣುತ್ತದೆ ಎಂದೆ. ಅದುವರೆಗೆ ಯಾರಿಗೂ ಹೇಳಿರಲಿಲ್ಲ. ಅವರು ತಲೆಯಾಡಿಸಿದರು. ಪ್ಲೇಟು ಹಿಡಿದ ಕೈಯಲ್ಲಿ ಪಟ್ಟಿ ಇನ್ನೂ ಇತ್ತು.

"ನಾನು ಕೂತದ್ದು ಶೆಟ್ರು ಹೇಳಿದ್ರು ಅಂತ ಅಲ್ಲ" ಎಂದರು. "ನಂಗೂ ಕಪ್ ಬೇಕಿತ್ತು."

ಅನ್ನ ಬಡಿಸುವವನು ಮುಂದೆ ಬನ್ನಿ ಎಂದ. ನಾವು ಮುಂದೆ ಹೋದೆವು. ಅವರ ಜೊತೆ ಅದೇ ಕೊನೆಯ ಮಾತು. ಆಮೇಲೆ ಹಬ್ಬಗಳಿಗೆ ಮೆಸೇಜುಗಳು, ದೀಪದ ಚಿತ್ರಗಳು... ನನ್ನ ಗಂಡನಿಗೆ ಬೇರೆ ಕೆಲಸ ಸಿಕ್ಕಿ ನಾವು ರಿಗ್ಗೈಗೆ ಬಂದೆವು. ಹೊಸ ಕೆಲಸಕ್ಕೆ ಹತ್ತಿರ ಎಂದು ಎಲ್ಲರಿಗೂ ಹೇಳಿದೆವು. ಆ ರಸ್ತೆಯಲ್ಲಿ ಇನ್ನು ದಿನಾ ಓಡಾಡುವುದು ನನ್ನಿಂದಾಗುತ್ತಿರಲಿಲ್ಲ ಎಂಬುದು ನನ್ನ ಗಂಡನಿಗೆ ಮಾತ್ರ ಗೊತ್ತು.

ಈ ಚಳಿಗಾಲದಲ್ಲಿ ಕೋಚಣ್ಣ ಹೋದರು ಎಂಬ ಸುದ್ದಿ ಬಂತು. ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲವಂತೆ. ಸಂಘದವರು ಶೆಟ್ರ ಹೋಟೆಲಿನ ಮೇಲಿನ ಹಾಲಿನಲ್ಲಿ ಸಂತಾಪ ಸಭೆ ಇಟ್ಟರು. ಹೊಸ ಆಟಗಾರರೂ ಬಂದಿದ್ದರು, ಅವರನ್ನು ನೋಡಿಯೇ ಇಲ್ಲದವರು. ಒಂದು ನಿಮಿಷ ಮೌನವಾಗಿ ನಿಂತೆವು. ಶೆಟ್ರು ಎಂದಿನಂತೆ ಆ ಫೈನಲಿಗೆ ಬಂದರು. ಆ ಒಂದು ದಿನದ ಧೈರ್ಯ ಕೋಚಣ್ಣನಿಗೆ ಮೊದಲೇ ಬಂದಿದ್ದರೆ ನಮ್ಮ ಕಪಾಟಿನಲ್ಲಿ ಎಷ್ಟು ಕಪ್ಪುಗಳಿರುತ್ತಿದ್ದವು ಎಂದರು. ಸುಳ್ಳು ಹೇಳುವವರಲ್ಲ ಶೆಟ್ರು. ಅವರಿಗೆ ನಿಜವಾಗಿಯೂ ಹಾಗೇ ಅನ್ನಿಸಿತ್ತು.

ಸಂತೋಷನನ್ನು ಮಾತಾಡಲು ಕರೆದರು. ಈಗ ಅವನಿಗೆ ಹೊಟ್ಟೆ ಬಂದಿದೆ, ತಲೆಯಲ್ಲಿ ಕೂದಲು ಕಡಿಮೆಯಾಗಿದೆ, ಆಡುವುದನ್ನು ಬಿಟ್ಟಿದ್ದಾನೆ. ಮೈಕ್ ಹಿಡಿದ. ನನ್ನ ಕಡೆ ನೋಡಿದ, ನನ್ನ ಗಂಡನ ಕಡೆ ನೋಡಿದ. ಹೇಳಿಬಿಡಲಿ ಎಂದೂ ಅನ್ನಿಸಿತು, ಬೇಡ ಎಂದೂ.

"ಆ ದಿನ ಕೋಚಣ್ಣ ನನ್ನನ್ನು ತೆಗೀಬೇಕಿತ್ತು" ಎಂದ.

ಯಾರೋ ನಕ್ಕರು. ಎಷ್ಟು ವಿನಯ ನೋಡಿ ಎಂದು ಪಕ್ಕದ ಹೆಂಗಸು ನನ್ನ ಕಿವಿಯಲ್ಲಿ ಹೇಳಿದಳು. ಚಪ್ಪಾಳೆ ಶುರುವಾಯಿತು, ಹಿಂದಿನ ಸಾಲಿನ ಹೊಸ ಹುಡುಗರು ಎದ್ದು ನಿಂತು ತಟ್ಟಿದರು. ಸಂತೋಷ ಇನ್ನೂ ಏನೋ ಹೇಳಲು ಬಾಯಿ ತೆರೆದ. ಚಪ್ಪಾಳೆ ನಿಲ್ಲಲಿಲ್ಲ. ಅವನು ಮೈಕನ್ನು ಶೆಟ್ರ ಕೈಗೆ ಕೊಟ್ಟು ಬಂದು ಕೂತ. ಅವನ ಕಣ್ಣು ಒದ್ದೆಯಾಗಿದ್ದನ್ನು ನೋಡಿ ಜನರಿಗೂ ಕಣ್ಣು ಒದ್ದೆಯಾಯಿತು.

ಮೆಟ್ಟಿಲು ಇಳಿಯುವಾಗಲೇ ಮಾತು ಎದ್ದಿತು. ಸಂತೋಷನನ್ನು ತೆಗೆದಿದ್ದರೆ ಗೋಲು ಹೇಗೆ ಬರುತ್ತಿತ್ತು ಎಂದು ಒಬ್ಬರು. ಎಕ್ಸ್‌ಟ್ರಾ ಟೈಮಿಗೆ ಹೋಗುತ್ತಿತ್ತು, ಆಗ ನಾವು ದಣಿಯದ ಕಾಲಿನ ಒಬ್ಬನನ್ನು ಇಟ್ಟುಕೊಂಡ ಹಾಗಾಗುತ್ತಿತ್ತು ಎಂದು ಇನ್ನೊಬ್ಬರು. ಶೆಟ್ರು ಕೆಳಗಿನ ಮೆಟ್ಟಿಲಲ್ಲಿ ನಿಂತು ಯತೀಶನ ಹೆಗಲಿಗೆ ಕೈ ಹಾಕಿದರು.

"ನೀನೇ ಹೇಳು ಮಾರಾಯ. ನಿನ್ನನ್ನು ಹಾಕಿದ್ರೆ ನೀನು ಗೋಲು ಹೊಡೀತಿದ್ದೆಯಾ?"

"ಗೊತ್ತಿಲ್ಲ ಶೆಟ್ರೆ" ಎಂದ ಯತೀಶ. ಕಾರು ತರುತ್ತೇನೆ ಎಂದು ಹೇಳಿ ರಸ್ತೆ ದಾಟಿದ.

ನಾನೂ ನನ್ನ ಗಂಡನೂ ಸಂತೋಷನೂ ಅವನಿಗಾಗಿ ಬಾಗಿಲ ಬಳಿ ಕಾಯುತ್ತಾ ನಿಂತೆವು. ಒಳಗೆ ಮೇಜುಗಳನ್ನು ಜೋಡಿಸಿ, ಚಹಾ ಹೇಳಿ, ಜನ ಆಗಲೇ ಕೂತಿದ್ದರು. ಶೆಟ್ರ ದನಿ ಎಲ್ಲರಿಗಿಂತ ಮೇಲೆ ಕೇಳುತ್ತಿತ್ತು. ತುದಿಯ ಕುರ್ಚಿಯಲ್ಲಿ ಯಾರೋ ತಮ್ಮ ಕೋಟು ಇಟ್ಟಿದ್ದರು. ವಾದ ಮಾಡುವವರೆಲ್ಲ ಇದ್ದರು. ಬೈಸಿಕೊಳ್ಳುವವರು ಮಾತ್ರ ಇರಲಿಲ್ಲ.